ಸಹಾಯ ಬೇಕು: ಶಿವಮೊಗ್ಗದಲ್ಲಿ ಕನ್ನಡದಲ್ಲೇ ಸಿಬಿಟಿ (ಮಾತುಕತೆಯ ಮೂಲಕ ಕೊಡುವ ಮನೋಚಿಕಿತ್ಸೆ) ಮಾಡುವವರು ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ಅತ್ತಿಗೆಗೆ ಪ್ಯಾನಿಕ್ ಡಿಸಾರ್ಡರ್ ಎಂದು ಮನೋವೈದ್ಯರು ಹೇಳಿದ್ದಾರೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ‘ಇನ್ನೇನು ಪ್ರಾಣ ಹೋಯಿತು’ ಎಂದು ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಡುತ್ತಾರೆ. ಅರ್ಧ ಗಂಟೆಯೊಳಗೆ ಎಲ್ಲವೂ ಇಳಿದುಹೋಗುತ್ತದೆ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲವೂ ಸರಿಯಾಗಿವೆ. ಈಗ ಅದು ಮತ್ತೆ ಬಂದೀತೆಂಬ ಭಯವೇ ದೊಡ್ಡದಾಗಿ, ಬಸ್ ಹತ್ತುವುದನ್ನೂ ಬಿಟ್ಟಿದ್ದಾರೆ.

ಆತಂಕ ತಗ್ಗಿಸುವ ಎಸಿಟಲೋಪ್ರಾಮ್ ಮಾತ್ರೆ ಶುರುವಾಗಿದೆ. ಗುಣ ಕಾಣಲು ಕೆಲವು ವಾರಗಳೇ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂದಿದ್ದಾರೆ. ಜೊತೆಗೆ ಸಿಬಿಟಿಯನ್ನೂ ಸೂಚಿಸಿದ್ದಾರೆ: ಭಯ ಹುಟ್ಟಿಸುವ ಆಲೋಚನೆಗಳನ್ನು ಪರೀಕ್ಷಿಸಿ ನೋಡುವುದು, ತಪ್ಪಿಸಿಕೊಳ್ಳುತ್ತಿರುವ ಸಂದರ್ಭಗಳನ್ನು ಹಂತಹಂತವಾಗಿ ಎದುರಿಸುವುದು. ತೊಡಕಿರುವುದು ಇಲ್ಲಿಯೇ. ಅತ್ತಿಗೆಗೆ ಇಂಗ್ಲಿಷ್ ಬಾರದು. ಮನಸ್ಸಿನ ಮಾತನ್ನು ಮಗಳ ಮೂಲಕ ಅನುವಾದ ಮಾಡಿಸಿ ಹೇಳಲಾದೀತೇ?

ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡ ಸಿಗುತ್ತದೆ, ಅದು ನಮಗೆ ಗೊತ್ತು. ನಿಮ್ಹಾನ್ಸ್‌ಗೆ ವಾರವಾರ ಬೆಂಗಳೂರಿಗೆ ಹೋಗುವುದು ಈ ಸ್ಥಿತಿಯಲ್ಲಿ ಆಗದ ಮಾತು. ಶಿವಮೊಗ್ಗ, ಭದ್ರಾವತಿ ಕಡೆ ಅಥವಾ ವಿಡಿಯೊ ಕರೆಯಲ್ಲಿ ಕನ್ನಡದಲ್ಲೇ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಗೊತ್ತಿದ್ದರೆ, ಶುಲ್ಕದ ಅಂದಾಜಿನೊಂದಿಗೆ ತಿಳಿಸಿ. ಬಸ್ ಭಯವನ್ನು ದಾಟಿದವರಿದ್ದರೆ ಮೊದಲ ಹೆಜ್ಜೆ ಹೇಗಿಟ್ಟಿರಿ ಎಂಬುದನ್ನೂ ಬರೆಯಿರಿ. ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ ಎನ್ನುವವರು ಮನೆಯಲ್ಲೇ ಬೇಕಾದಷ್ಟು ಇದ್ದಾರೆ. ಆ ಸಲಹೆ ಬೇಡ.