ಹಸು, ರೇಷ್ಮೆ ಹುಳು, ಮಕ್ಕಳು ಇರುವ ಮನೆ ಬಿಟ್ಟು ನಾಲ್ಕು ದಿನ ಊಟಿಗೆ ಹೋಗುವುದು ಹೇಗೆ?

ಶಿಡ್ಲಘಟ್ಟದ ರೇಷ್ಮೆ ಮನೆಯವಳು (ಪ್ರಶ್ನೆ, ನವೆಂಬರ್)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮದುವೆಯಾಗಿ 12 ವರ್ಷ ಆಯ್ತು. ನಾನು, ನಮ್ಮ ಯಜಮಾನರು ಇಬ್ಬರೇ ಹೋಗಿ ಎಲ್ಲೂ ಒಂದು ರಾತ್ರಿ ಉಳಿದಿಲ್ಲ. ತಿರುಪತಿ, ಧರ್ಮಸ್ಥಳ ನೋಡಿದ್ದೇವೆ. ಅದು ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು, ಪುಳಿಯೋಗರೆ ಕಟ್ಟಿಕೊಂಡು ಹೋಗಿ ಬಂದಿದ್ದು. ಹೋದ ವಾರ ರೇಷ್ಮೆ ಗೂಡು ಮಾರಿಕೊಂಡು ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಈ ಸಲ ಊಟಿಗೆ ಹೋಗಿ ಬರೋಣ, ನಾವಿಬ್ಬರೇ" ಅಂದರು. ನಾನು ಮುದ್ದೆ ತೊಳಸುತ್ತಿದ್ದೆ, ಏನೂ ಹೇಳಲಿಲ್ಲ. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ನಮ್ಮ ಮಾಳಿಗೆ ಮೇಲಿಂದ ನಂದಿ ಬೆಟ್ಟ ಕಾಣುತ್ತದೆ. ಬೆಂಗಳೂರಿನವರು ರಾತ್ರಿಯೇ ಹೊರಟು ಅಲ್ಲಿ ಸೂರ್ಯ ಹುಟ್ಟುವುದನ್ನು ನೋಡುತ್ತಾರೆ. ನಾವು ಎರಡು ಸಲ ಹೋಗಿದ್ದೇವೆ. ಎರಡು ಸಲವೂ ಮಧ್ಯಾಹ್ನ ಮೂರಕ್ಕೇ ಇಳಿದು ಬಂದೆವು, ಸಂಜೆ ಹಾಲು ಕರೆಯಬೇಕಲ್ಲ. ಬೆಟ್ಟದ ಮೇಲೆ ಕತ್ತಲಾಗುವುದು ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಊಟಿ ಅಂದಾಗ ನನಗೆ ಮೊದಲು ಬಂದ ಆಸೆ ಅದೇ.

ಮನೆ ಪರಿಸ್ಥಿತಿ ಹೇಳುತ್ತೇನೆ. ಎರಡು ಎಚ್ಚೆಫ್ (ಸೀಮೆ ತಳಿ) ಹಸು. ದೊಡ್ಡದಕ್ಕೆ ಗೌರಿ ಅಂತ ಕರೆಯುತ್ತೇವೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಬೂಸಾ ಕಲಸಿಟ್ಟು, ಹಾಲು ಕರೆದು ಆರೂವರೆ ಒಳಗೆ ಡೈರಿಗೆ ಹಾಕಬೇಕು. ಸಂಜೆ ಮತ್ತೆ ಅದೇ. ಗೌರಿ ನನ್ನ ಕೈ ಬಿಟ್ಟು ಬೇರೆ ಯಾರಿಗೂ ಸೊರ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ, ನಮ್ಮ ಯಜಮಾನರಿಗೂ ಕೂಡ. ಮಗಳು ಆರನೇ ಕ್ಲಾಸ್, ಮಗ ಎರಡನೇ ಕ್ಲಾಸ್. ಮಗ ಇನ್ನೂ ನನ್ನ ಸೆರಗು ಹಿಡಿದೇ ಮಲಗುತ್ತಾನೆ. ಅತ್ತೆಗೆ 64 ವರ್ಷ, ಸಕ್ಕರೆ ಕಾಯಿಲೆಗೆ ದಿನಾ ಎರಡು ಹೊತ್ತು ಮಾತ್ರೆ. ಮಾವ ತೀರಿಕೊಂಡು ಮೂರು ವರ್ಷ.

ಹುಳುವಿನ ಲೆಕ್ಕ ಬೇರೆ. ಬೆಳೆ ನಡೆಯುವಾಗ ಹೋಗುವ ಮಾತೇ ಇಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದು) ಎದ್ದ ಮೇಲಂತೂ ಎಷ್ಟು ಸೊಪ್ಪು ತಂದರೂ ಸಾಲದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ದಿನ ಊಟಕ್ಕೂ ಪುರುಸೊತ್ತಿಲ್ಲ. ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿದ ಮೇಲೆ, ಹುಳು ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆದು ಮುಂದಿನ ಚಾಕಿ (ಮರಿ ಹುಳು) ಬರುವವರೆಗೆ ಹತ್ತು ಹನ್ನೆರಡು ದಿನ ಬಿಡುವು ಸಿಗುತ್ತದೆ. ಮುಂದಿನ ಬಿಡುವು ಜನವರಿ ಮೊದಲ ವಾರ. ಸಂಕ್ರಾಂತಿಗೆ ದನಗಳ ಮೈ ತೊಳೆದು ಕಿಚ್ಚು ಹಾಯಿಸಬೇಕು, ಅಷ್ಟರೊಳಗೆ ಮನೆಯಲ್ಲಿ ಇರಲೇಬೇಕು.

ದುಡ್ಡಿನ ಯೋಚನೆ ಇಲ್ಲ, ಈ ಸಲ ಗೂಡಿಗೆ ಒಳ್ಳೆ ರೇಟು ಸಿಕ್ಕಿದೆ. ಹಸು ಏನು ಮಾಡಲಿ? ಜನವರಿಯಲ್ಲಿ ಊಟಿ ಸರಿಯಾ? ಮಕ್ಕಳನ್ನು ಬಿಟ್ಟು ಹೋದರೆ ತಪ್ಪಾಗುತ್ತದಾ? ಅತ್ತೆಗೆ ಇನ್ನೂ ಹೇಳಿಲ್ಲ. ಅನುಭವ ಇದ್ದವರು ಹೇಳಿ.

ಮಾಲೂರು ಹಾಲಿನಕ್ಕ

ತಂಗಿ, ಹಸುವಿನ ವಿಷಯ ನಾನು ಹೇಳುತ್ತೇನೆ. ನಮ್ಮಲ್ಲಿ ನಾಲ್ಕು ಇವೆ. ಎರಡು ವರ್ಷದ ಹಿಂದೆ ತಮ್ಮನ ಮದುವೆಗೆ ಅಂತ ಮೂರು ದಿನ ಹೋಗಿದ್ದೆ. ಕರೆಯಲು ಒಪ್ಪಿಕೊಂಡ ಹುಡುಗನಿಗೆ ಹೊರಡುವ ಹಿಂದಿನ ದಿನ ಸುಮ್ನೆ ಒಂದು ಸಲ ತೋರಿಸಿದ್ದೆ, ಅಷ್ಟೇ. ಹಸು ಸೊರ ಬಿಡಲಿಲ್ಲ. ಅವನು ಅರ್ಧ ಕರೆದು ಎದ್ದುಬಿಟ್ಟ. ಬಂದು ನೋಡಿದರೆ ಕೆಚ್ಚಲು ಬಾವು, ಕೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇಂಜೆಕ್ಷನ್ ಕೊಡಿಸಿ, ಹಾಲು ಚೆಲ್ಲಿ, ಹದಿನೈದು ದಿನ ಒದ್ದಾಡಿದೆ. ನಿಮಗೆ ಹಾಗಾಗಬಾರದು.

ಕರೆಯುವವರು ಯಾರು ಅಂತ ಈಗಲೇ ಗೊತ್ತುಮಾಡಿಕೊಳ್ಳಿ. ಹೆಂಗಸಾದರೆ ಒಳ್ಳೆಯದು, ನಿಮ್ಮ ಕೈಗೇ ಒಗ್ಗಿದ ಹಸು ಅದು. ಹೊರಡುವ ಹತ್ತು ದಿನ ಮುಂಚಿನಿಂದ ದಿನಾ ಜೊತೆಗೆ ಕೂರಿಸಿಕೊಳ್ಳಿ. ಮೊದಲು ಬೂಸಾ ಇಡುವುದು ಅವರೇ ಮಾಡಲಿ. ಆಮೇಲೆ ಕೆಚ್ಚಲು ತೊಳೆಯಲಿ. ಆಮೇಲೆ ಎರಡು ಮೊಲೆ ನೀವು, ಎರಡು ಅವರು. ಕೊನೆ ಮೂರು ದಿನ ನೀವು ಪಕ್ಕದಲ್ಲಿ ನಿಂತಿರಿ, ಕೈ ಹಾಕಬೇಡಿ. ಕರೆಯುವ ಹೊತ್ತು ಅರ್ಧ ಗಂಟೆಯೂ ಹಿಂದೆ ಮುಂದೆ ಆಗಬಾರದು. ಗಾಬರಿಯಾದರೆ ಹಸು ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ, ಬಲವಂತ ಮಾಡಿದರೆ ಇನ್ನೂ ಜಾಸ್ತಿ. ಕೆಚ್ಚಲಲ್ಲಿ ಹಾಲು ಉಳಿಸಬಾರದು, ಉಳಿದರೆ ಬಾವು ಬರಬಹುದು.

ಇನ್ನೊಂದು. ಹಾಲು ಕರೆಯುವಾಗ ಸೀರೆ ಮೇಲೆ ಯಜಮಾನರ ಹಳೇ ಶರ್ಟು ಹಾಕಿಕೊಳ್ಳುತ್ತೀರಲ್ವಾ? ಅದನ್ನು ಒಗೆಯದೆ ಬಿಟ್ಟು ಹೋಗಿ. ಕರೆಯುವವರು ಅದನ್ನೇ ಹಾಕಿಕೊಳ್ಳಲಿ. ಹಸುವಿಗೆ ವಾಸನೆ ಗೊತ್ತಾಗುತ್ತದೆ.

ಮಧುಗಿರಿ ಮೇಷ್ಟ್ರು

ಅಮ್ಮಾ, ಜನವರಿ ಬಹಳ ಒಳ್ಳೆಯ ಸಮಯ. ಚಳಿ ಜೋರು, ಕೆಲವು ದಿನ ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಉಪ್ಪು ಚೆಲ್ಲಿದ ಹಾಗೆ ಇರುತ್ತದೆ. ಆದರೆ ಆಕಾಶ ತಿಳಿಯಾಗಿರುತ್ತದೆ, ಏಪ್ರಿಲ್ ಮೇ ತಿಂಗಳ ನೂಕುನುಗ್ಗಲು ಇರುವುದಿಲ್ಲ. ಹೊಸ ವರ್ಷದ ಗಲಾಟೆ ಮುಗಿಯಲಿ, ಎರಡು ಮೂರು ದಿನ ಬಿಟ್ಟು ಹೊರಡಿ.

ಬೆಟ್ಟದ ರೈಲು ತಪ್ಪಿಸಿಕೊಳ್ಳಬೇಡಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, ಹತ್ತಲು ಐದು ಗಂಟೆ ಹತ್ತಿರ ಹಿಡಿಯುತ್ತದೆ. ಕೂನೂರಿನವರೆಗೆ 1899ರಲ್ಲಿ, ಊಟಿವರೆಗೆ 1908ರಲ್ಲಿ ಹಾಕಿದ ಹಳಿ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಲ್ಲಾರಿನಿಂದ ಕೂನೂರಿಗೆ ಏರು ಎಷ್ಟು ಕಡಿದು ಅಂದರೆ, ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಇಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಇವತ್ತೇ ನೋಡಿ. ರೈಲು ಬೆಳಗ್ಗೆ ಏಳು ದಾಟುತ್ತಿದ್ದ ಹಾಗೆ ಹೊರಡುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಮೆಟ್ಟುಪಾಳ್ಯದಲ್ಲೇ ಉಳಿಯಿರಿ.

ವಾಪಸು ಗುಂಡ್ಲುಪೇಟೆ ಮೇಲೆ ಬಸ್ಸಿನಲ್ಲಿ ಬನ್ನಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೇ ದಾಟಬೇಕು. ಸ್ವಂತ ಕಾರಾದರೆ ನೀಲಗಿರಿಗೆ ಇ-ಪಾಸ್ ಮಾಡಿಸಬೇಕು, 2024ರ ಮೇ ತಿಂಗಳಿಂದ ಈ ನಿಯಮ ಬಂದಿದೆ. ಸರ್ಕಾರಿ ಬಸ್ಸಿಗೆ ಬೇಡ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ಸ್ಟೀಲಿನದು ಇಟ್ಟುಕೊಳ್ಳಿ.

ಒಂದು ಮಾತು ನನ್ನ ಮನೆಯದು. ನಮ್ಮ ಮನೆ ಮಧುಗಿರಿ ಬೆಟ್ಟದ ಕೆಳಗೇ ಇದೆ. ನನ್ನ ಹೆಂಡತಿ 31 ವರ್ಷ ಆ ಬೆಟ್ಟವನ್ನು ನೋಡಿಕೊಂಡು ಪಾತ್ರೆ ತೊಳೆದಳು. ಒಂದು ಸಲ ಹತ್ತಿಸಿ ಅನ್ನುತ್ತಿದ್ದಳು. ಪರೀಕ್ಷೆ, ಮೌಲ್ಯಮಾಪನ, ತಂಗಿಯ ಮದುವೆ ಅಂತ ಮುಂದೂಡಿದೆ. ನಾನು ರಿಟೈರ್ ಆಗುವ ಹೊತ್ತಿಗೆ ಅವಳ ಮಂಡಿ ಹೋಗಿತ್ತು. ಮಂಡಿ ಬೇಕಿಲ್ಲದ ಬೆಟ್ಟ ಯಾವುದು ಅಂತ ಹುಡುಕಿಯೇ ನಾನು ಆ ರೈಲು ಹತ್ತಿಸಿದ್ದು. ಕಿಟಕಿ ಪಕ್ಕ ಕೂತು ಬಹಳ ಖುಷಿಪಟ್ಟಳು. ಆದರೂ ಮಧುಗಿರಿ ಬೆಟ್ಟ ಹಾಗೇ ಉಳಿಯಿತು.

ಗೌರಿಬಿದನೂರು

ನಾಲ್ಕು ದಿನ ಆಗದಿದ್ದರೆ ಚಿಕ್ಕಮಗಳೂರಿಗೆ ಹೋಗಿ ಬನ್ನಿ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಎರಡು ರಾತ್ರಿ ಸಾಕು.

ಬಂಗಾರಪೇಟೆ ಹುಡುಗಿ

ಅಕ್ಕಾ, ನಾನು ಮಕ್ಕಳ ಕಡೆಯಿಂದ ಹೇಳುತ್ತೇನೆ. ನನಗೆ ಹತ್ತು ವರ್ಷ ಇದ್ದಾಗ ಅಪ್ಪ ಅಮ್ಮ ಮೂರು ದಿನ ಎಲ್ಲಿಗೋ ಹೋಗಿದ್ದರು. ಅತ್ತುಬಿಡುತ್ತೇನೆ ಅಂತ ನಾನು ಸ್ಕೂಲಿಗೆ ಹೋದ ಮೇಲೆ ಹೊರಟಿದ್ದರು. ಬಂದು ನೋಡಿದರೆ ಮನೆಯಲ್ಲಿ ಅಮ್ಮ ಇಲ್ಲ. ಅವರು ಹೋಗಿದ್ದು ನನಗೆ ಬೇಜಾರಾಗಲಿಲ್ಲ, ಹೇಳದೆ ಹೋಗಿದ್ದು ಆಯ್ತು. ಮೂರು ದಿನವೂ ಗೇಟಿನ ಹತ್ತಿರವೇ ಕೂತಿದ್ದೆ. ನಿಮ್ಮ ಮಗಳಿಗೆ ಈಗಲೇ ಹೇಳಿ, ಮಗನಿಗೂ ಹೇಳಿ. ಮಗಳಿಗೆ ಒಂದು ನಿಜವಾದ ಕೆಲಸ ಕೊಡಿ. ಹಾಲಿನ ಲೆಕ್ಕ ಬರೆಯುವ ಡೈರಿ ಪುಸ್ತಕ ಅವಳ ಕೈಗೆ ಕೊಡಿ, ಅಜ್ಜಿ ಮಾತ್ರೆಯ ಲೆಕ್ಕವೂ ಅವಳದೇ ಇರಲಿ.

ಶಿಡ್ಲಘಟ್ಟದ ರೇಷ್ಮೆ ಮನೆಯವಳು (ಜನವರಿ)

ಹೋಗಿ ಬಂದೆವು. ಏನಾಯಿತು ಅಂತ ಹೇಳದಿದ್ದರೆ ಸರಿಯಲ್ಲ.

ಅತ್ತೆಗೆ ಹೇಳಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಕೊನೆಗೆ ಅವರೇ ಅವರೆಕಾಯಿ ಸುಲಿಯುತ್ತಾ, "ಅವನು ಹೇಳಿದ, ಯಾವಾಗ ಹೋಗ್ತೀರ?" ಅಂತ ಕೇಳಿದರು. ಅಷ್ಟೇ. ಬೇರೆ ಏನೂ ಕೇಳಲಿಲ್ಲ. ಮಾರನೇ ದಿನ ಪಕ್ಕದ ಮನೆ ಅಕ್ಕನನ್ನು ಅವರೇ ಹೋಗಿ ಒಪ್ಪಿಸಿಕೊಂಡು ಬಂದರು. ಆ ಅಕ್ಕ ಹನ್ನೊಂದು ದಿನ ಬೆಳಿಗ್ಗೆ ಸಂಜೆ ನನ್ನ ಜೊತೆ ಕೂತರು.

ಮೇಷ್ಟ್ರೇ, ರೈಲು ಸಿಕ್ಕಿತು. ಇಂಜಿನ್ ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ನಮ್ಮ ಯಜಮಾನರು ಅದನ್ನು ನೋಡಲು ನೀರು ತುಂಬಿಸಲು ನಿಲ್ಲಿಸಿದ ಕಡೆಯೆಲ್ಲ ಇಳಿದು ಓಡಿದರು. ಚಿಕ್ಕ ಹುಡುಗನ ಹಾಗೆ ಕೈ ಮಸಿ ಮಾಡಿಕೊಂಡು ಬಂದರು. ಅವರನ್ನು ನಾನು ಹಾಗೆ ನೋಡೇ ಇರಲಿಲ್ಲ. ಕೇತಿ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲಗಳು. ನೀರು ಎಲ್ಲಿಂದ ಬರುತ್ತದೆ, ಬೋರ್‌ವೆಲ್ ಎಷ್ಟು ಅಡಿ ಅಂತ ಪಕ್ಕದವರನ್ನು ಕೇಳುತ್ತಲೇ ಇದ್ದರು.

ಊಟಿಯಲ್ಲಿ ತರಕಾರಿ ಮಾರುತ್ತಿದ್ದ ಒಬ್ಬ ಬಡಗರ (ನೀಲಗಿರಿಯ ಒಂದು ಜನಾಂಗ) ಅಜ್ಜಿ ಸಿಕ್ಕರು. ಅವರ ಮಾತು ಅರ್ಧಕ್ಕರ್ಧ ನನಗೆ ಅರ್ಥವಾಯಿತು. ಮನೆ ಅಂದರೆ ಮನೆಯೇ, ಹಾಲು ಅಂದರೆ ಹಾಲೇ. ಅವರ ಊರುಗಳಿಗೆ ಹಟ್ಟಿ ಅನ್ನುತ್ತಾರೆ. ಅಲ್ಲಿನ ಎತ್ತರದ ಬೆಟ್ಟಕ್ಕೆ ದೊಡ್ಡಬೆಟ್ಟ ಅನ್ನುವ ಹೆಸರು ಹೇಗೂ ನಮ್ಮದೇ. ಅದು 2,637 ಮೀಟರ್, ನಂದಿ 1,478. ಅಷ್ಟು ದೂರ ಹೋಗಿ ನಮ್ಮ ಹಾಗೇ ಮಾತಾಡುವವರು ಸಿಕ್ಕಿದ್ದು ನನಗೆ ತವರಿಗೆ ಹೋದಷ್ಟು ಖುಷಿ ಕೊಟ್ಟಿತು.

ಊಟಿ ತಲುಪಿದ ದಿನ ಸಂಜೆ ಕತ್ತಲಾಗುವುದನ್ನು ನೋಡಬೇಕು ಅಂತ ಮೇಲೆ ಹೋಗಿ ನಿಂತಿದ್ದೆವು. ಆಗಲೇ ಮಗಳ ಫೋನ್ ಬಂತು. "ಅಮ್ಮಾ, ಗೌರಿ ಹಾಲು ಬಿಡ್ತಿಲ್ಲ. ಒಂದೂವರೆ ಲೀಟರ್ ಆಯ್ತು, ಅಷ್ಟೇ." ಇವರ ಮುಖ ಸಣ್ಣದಾಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಡೋಣ ಅಂದರು. ನನಗೂ ಹೊಟ್ಟೆಯಲ್ಲಿ ಸಂಕಟ. ಆಗ ಮಾಲೂರಿನ ಅಕ್ಕ ಹೇಳಿದ್ದು ನೆನಪಾಯಿತು. ಶರ್ಟು ಹಾಕಿಕೊಂಡಿದ್ದಾರಾ ಅಂತ ಕೇಳಿದೆ. ಇಲ್ಲ, ಅಜ್ಜಿ ಅದನ್ನು ಒಗೆಯಲು ನೆನೆಹಾಕಿದ್ದಾರೆ ಅಂದಳು. ಹುಳು ಮನೆಯಲ್ಲಿ ಮೊಳೆಗೆ ನೇತುಹಾಕಿರುವ ನನ್ನ ಹಳೇ ಸ್ವೆಟರ್ ತಂದು ಕೊಡು ಅಂದೆ. ಫೋನ್ ಇಟ್ಟೆವು. ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕೆಳಗೆ ಊರಿನ ದೀಪ ಒಂದೊಂದೇ ಹತ್ತಿಕೊಂಡವು. ನಾನು ನೋಡಬೇಕು ಅಂದುಕೊಂಡ ಕತ್ತಲು ಅದೇ, ಆದರೆ ಕಣ್ಣೆಲ್ಲ ಫೋನಿನ ಮೇಲೇ ಇತ್ತು. ಆಮೇಲೆ ಮಗಳು ಫೋನ್ ಮಾಡಿ, "ಇನ್ನೂ ನಾಲ್ಕು ಲೀಟರ್ ಬಂತು, ಪುಸ್ತಕದಲ್ಲಿ ಬರೆದಿದೀನಿ" ಅಂದಳು. ಇವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

ಮಾರನೇ ದಿನ ನಾಲ್ಕೂವರೆಗೇ ಎಚ್ಚರವಾಯಿತು. ಅವರೂ ಎದ್ದಿದ್ದರು. ಮಾಡಲು ಯಾವ ಕೆಲಸವೂ ಇಲ್ಲ. ಲಾಡ್ಜಿನ ಹೊರಗೆ ಮೆಟ್ಟಿಲ ಮೇಲೆ ಒಂದೇ ಕಂಬಳಿ ಹೊದ್ದು ಕೂತೆವು. ಎದುರಿಗೆ ಹುಲ್ಲೆಲ್ಲ ಬಿಳಿ. ಮನೆಯಲ್ಲಿ ನಾವು ಮಾತಾಡುವಾಗ ಯಾವಾಗಲೂ ಒಬ್ಬರು ನಿಂತೇ ಇರುತ್ತೇವೆ. ನಾನು ಒಲೆ ಮುಂದೆ, ಅವರು ಬಾಗಿಲಲ್ಲಿ. ಇಲ್ಲದಿದ್ದರೆ ಅವರು ಊಟಕ್ಕೆ ಕೂತಿರುತ್ತಾರೆ, ನಾನು ಬಡಿಸುತ್ತಿರುತ್ತೇನೆ. ಅವತ್ತು ಇಬ್ಬರೂ ಕೂತಿದ್ದೆವು. ಮಗಳನ್ನು ಹೈಸ್ಕೂಲಿಗೆ ಎಲ್ಲಿ ಸೇರಿಸುವುದು ಅಂತ ಮಾತು ಶುರುವಾಯಿತು. ಆಮೇಲೆ ಮಾವ ಹೋದ ವರ್ಷದ ಸಾಲ, ನನಗೆ ಅವರು ಹೇಳಿರದ ಒಂದು ಕೈಸಾಲ ಇತ್ತಂತೆ, ಈಗ ತೀರಿದೆ. ಮೂರು ವರ್ಷ ಒಬ್ಬರೇ ಹೊತ್ತುಕೊಂಡಿದ್ದರು. ಬೆಳಕಾಗುವವರೆಗೆ ಅಲ್ಲೇ ಇದ್ದೆವು. ಬೊಟಾನಿಕಲ್ ಗಾರ್ಡನ್, ಕೆರೆ ಎಲ್ಲ ನೋಡಿದೆವು, ಚೆನ್ನಾಗಿತ್ತು. ನನಗೆ ಉಳಿದಿದ್ದು ಆ ಮೆಟ್ಟಿಲು.

ಬಂಗಾರಪೇಟೆ ತಂಗಿ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಮಗಳು ಡೈರಿ ಪುಸ್ತಕದ ಪಕ್ಕದಲ್ಲೇ ಅಜ್ಜಿಯ ಮಾತ್ರೆಗೆ ಇನ್ನೊಂದು ಗೆರೆ ಹಾಕಿ ಬರೆದಿದ್ದಾಳೆ. ಈಗ ಪುಸ್ತಕ ವಾಪಸು ಕೊಡುತ್ತಿಲ್ಲ. ಮಗ ಎರಡನೇ ರಾತ್ರಿ ಅತ್ತನಂತೆ. ಅತ್ತೆ ನನ್ನ ಸೀರೆಯೊಂದನ್ನು ಕೊಟ್ಟು ಮಲಗಿಸಿದ್ದಾರೆ. ನಾವು ಬಂದಾಗ ರಾತ್ರಿ ಹತ್ತೂವರೆ. ಅದೇ ಸೀರೆ ಸುತ್ತಿಕೊಂಡು ಮಲಗಿದ್ದ.

ಮಾಲೂರಿನ ಅಕ್ಕಾ, ಗೌರಿ ಚೆನ್ನಾಗಿದ್ದಾಳೆ, ಬಾವು ಗೀವು ಏನೂ ಇಲ್ಲ. ಪಕ್ಕದ ಮನೆ ಅಕ್ಕನಿಗೆ ಊಟಿಯಿಂದ ನೀಲಗಿರಿ ಎಣ್ಣೆ, ಟೀ ಪುಡಿ ತಂದುಕೊಟ್ಟೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅವರೂ ಅವರ ಯಜಮಾನರೂ ಎಲ್ಲಿಗಾದರೂ ಹೊರಟರೆ ಅವರ ಹಸುವನ್ನು ನಾನು ಕರೆಯಬೇಕು ಅಂತ ಮಾತಾಗಿದೆ. ಅದಕ್ಕೆ ಇವತ್ತು ಸಂಜೆಯಿಂದ ಅವರ ಕೊಟ್ಟಿಗೆಯಲ್ಲಿ ಕೂರುತ್ತಿದ್ದೇನೆ.