ನಾಯಕನ ಪವರ್ ಏರಿದ ಹಾಗೆಲ್ಲ ಉಳಿದವರು ಯಾಕೆ ಮೂಲೆಗೆ ಬೀಳ್ತಾರೆ?

ಪ್ರಶ್ನೆ:
ಗೋಕು ನಾಯಕನಾಗಿರೋ ಜಪಾನಿ ಕಾರ್ಟೂನ್ ಸರಣಿ ಡ್ರ್ಯಾಗನ್ ಬಾಲ್ ಝಡ್ ಶುರುವಿನಲ್ಲಿ ಖಳ ರಾಡಿಟ್ಜ್‌ನ ಸ್ಕೌಟರ್ (ಎದುರಿನವರ ಶಕ್ತಿ ಅಳೆಯೋ ಯಂತ್ರ) ಒಬ್ಬ ರೈತನಿಗೆ 5 ತೋರಿಸುತ್ತೆ. ನಮೆಕ್ ಗ್ರಹದಲ್ಲಿ ದೊಡ್ಡ ಖಳ ಫ್ರೀಜಾ ತನ್ನ ಶಕ್ತಿ 5,30,000 ಅಂತಾನೆ. ಅಷ್ಟು ಹೊತ್ತಿಗೆ ಗೋಕುವಿನ ಹಳೇ ಗೆಳೆಯ ಯಾಮ್ಚಾ ಥರದವರು ಲೆಕ್ಕಕ್ಕೇ ಇಲ್ಲ. ನಾಯಕನೂ ಬೆಳೀಬೇಕು, ಉಳಿದವರಿಗೂ ಕೆಲಸ ಇರಬೇಕು ಅಂದ್ರೆ ಹಿಡಿತ ಎಲ್ಲಿರಬೇಕು?

ಉತ್ತರ 1:
ಎಲ್ಲರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದಿದ್ದೇ ತೊಂದರೆ. ಫ್ರೀಜಾನನ್ನ ಎದುರಿಸೋ ನಮೆಕ್ ಯೋಧ ನೇಲ್‌ನ ಲೆವೆಲ್ 42,000. ಫ್ರೀಜಾ ಅದರ ಹನ್ನೆರಡು ಪಟ್ಟಿಗೂ ಮೇಲೆ. ಕೈ ಎತ್ತೋ ಮೊದಲೇ ಫಲಿತಾಂಶ ಗೊತ್ತಾಗೋಯ್ತು.

ಅದೇ ಸರಣಿಯ ಕೈಯೋಕೆನ್ (ಶಕ್ತಿಯನ್ನ ಹಲವು ಪಟ್ಟು ಏರಿಸೋ ವಿದ್ಯೆ) ನೋಡಿ, ಎಷ್ಟು ಚೆನ್ನಾಗಿ ಕೂತಿದೆ! ಶಕ್ತಿ ಹೆಚ್ಚಿಸಿದಷ್ಟೂ ಮೈಗೆ ಪೆಟ್ಟು. ಎರಡು ಪಟ್ಟು ದಾಟಬೇಡ ಅಂತ ಅದನ್ನ ಕಲಿಸಿದ ಗುರು ಕಿಂಗ್ ಕಾಯ್ ಮೊದಲೇ ಎಚ್ಚರಿಸಿರ್ತಾನೆ. ಆಗ ಖಳನಾಗಿದ್ದ ವೆಜೀಟಾ ಎದುರು ಗೋಕು ಮೂರಕ್ಕೆ, ಆಮೇಲೆ ನಾಲ್ಕಕ್ಕೆ ಹೋಗ್ತಾನೆ. ಕೊನೆಗೆ ಅವನ ಮೈ ಏಳಲ್ಲ. ಆಗ ವೆಜೀಟಾನ ಬಾಲ (ಅವನನ್ನ ದೈತ್ಯ ವಾನರನಾಗಿಸೋದೇ ಅದು) ಕತ್ತರಿಸೋದು ಯಾಜಿರೋಬೆ, ಗೋಕು ಕೂಡಿಸಿದ ಶಕ್ತಿಯ ಉಂಡೆ ಸ್ಪಿರಿಟ್ ಬಾಂಬ್ ಎಸೆಯೋದು ಕ್ರಿಲಿನ್, ಗುರಿ ತಪ್ಪಿದ್ದನ್ನ ತಿರುಗಿಸಿ ಹೊಡೆಯೋದು ಗೊಹಾನ್. ನಾಯಕ ಬೆಲೆ ತೆತ್ತಿದ್ದರಿಂದಲೇ ಮೂವರಿಗೆ ಜಾಗ ಸಿಕ್ಕಿತು.

ಉತ್ತರ 2:
ಒಪ್ತೀನಿ. ಆದ್ರೆ ಬೆಲೆ ಒಂದೇ ಸಾಲದು, ಶಕ್ತಿ ಎಲ್ಲೆಲ್ಲಿ ನಡೆಯುತ್ತೆ ಅನ್ನೋದಕ್ಕೂ ಬೇಲಿ ಬೇಕು. ಇನ್ನೊಂದು ಜಪಾನಿ ಸರಣಿ ಹಂಟರ್ ಎಕ್ಸ್ ಹಂಟರ್‌ನಲ್ಲಿ ಕುರಾಪಿಕನ ಚೈನ್ ಜೈಲ್ (ಎದುರಾಳಿಯನ್ನ ಕಟ್ಟಿಹಾಕೋ ಸರಪಳಿ) ನಡೆಯೋದು ಫ್ಯಾಂಟಮ್ ಟ್ರೂಪ್ ಅನ್ನೋ ಡಕಾಯಿತರ ಗುಂಪಿನ ಸದಸ್ಯರ ಮೇಲೆ ಮಾತ್ರ. ಬೇರೆಯವರ ಮೇಲೆ ಬಳಸಿದರೆ ಅವನ ಪ್ರಾಣವೇ ಹೋಗುತ್ತೆ. ಹಾಗಾಗಿ ಆ ಗುಂಪಿನ ಉವೋಗಿನ್‌ನಂಥ ದೈತ್ಯನನ್ನೂ ಕಟ್ಟಿಹಾಕಬಲ್ಲ, ಆದರೂ 'ಎಲ್ಲರಿಗಿಂತ ಬಲಶಾಲಿ' ಆಗಲ್ಲ. ಯಾರು ಮೇಲು ಅನ್ನೋ ವಾದದಲ್ಲಿ 'ಯಾರ ಎದುರು' ಅಂತ ಕೇಳದೆ ಇವನನ್ನ ಅಳೆಯೋಕೇ ಆಗಲ್ಲ.

ಉತ್ತರ 3:
ಬೆಳವಣಿಗೆಯ ಬೀಜ ಮೊದಲೇ ಬಿದ್ದಿರಬೇಕು. ಅಮೆರಿಕದ ಕಾರ್ಟೂನ್ ಸರಣಿ ಅವತಾರ್: ದಿ ಲಾಸ್ಟ್ ಏರ್‌ಬೆಂಡರ್‌ನಲ್ಲಿ ಮಣ್ಣು-ಕಲ್ಲು ಆಡಿಸಬಲ್ಲ ಹುಡುಗಿ ಟಾಫ್‌ಗೆ ಕಣ್ಣು ಕಾಣಲ್ಲ, ಪಾದದಿಂದ ನೆಲದ ಕಂಪನ ಗ್ರಹಿಸ್ತಾಳೆ. ಮರಳ ಮೇಲೆ ಎಲ್ಲ ಮಸುಕು. ಈ ಮಿತಿ ತೋರಿಸಿದ ಮೇಲೇ ಎರಡನೇ ಸೀಸನ್ ಕೊನೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಲೋಹದಲ್ಲಿ ಉಳಿದ ಮಣ್ಣಿನ ಕಣ ಹುಡುಕಿ ಅದನ್ನ ಬಗ್ಗಿಸ್ತಾಳೆ. ಹಳೆಯ ವಿದ್ಯೆಯೇ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು ಅಷ್ಟೇ.

ಅದೇ ಸರಣಿಯ ಕೊನೆಗೆ ಬನ್ನಿ: ಖಳ ಓಜೈಯ ಬೆಂಡಿಂಗ್ (ಬೆಂಕಿ ಆಡಿಸೋ ವಿದ್ಯೆ) ಕಿತ್ತುಕೊಳ್ಳೋ ಶಕ್ತಿ ನಾಯಕ ಆಂಗ್‌ಗೆ ಸಿಂಹ-ಆಮೆ ಅನ್ನೋ ಪುರಾತನ ಜೀವಿಯಿಂದ ಸಿಗೋದು ಫೈನಲ್‌ನಲ್ಲೇ. ಅದಕ್ಕೆ ಅವನು ಪಟ್ಟ ಅಭ್ಯಾಸ ಏನೂ ಕಾಣಲ್ಲ. ಕೊಲ್ಲಬಾರದು ಅನ್ನೋ ಅವನ ನಿಲುವು ಸರಿಯಾಗೇ ಇದೆ, ದಾರಿ ಮಾತ್ರ ತಡವಾಗಿ ಬಂತು.

ಪ್ರಶ್ನೆ ಕೇಳಿದವರು:
ಟಾಫ್ ಉದಾಹರಣೆಯಿಂದ ಗೊಂದಲ ಬಗೆಹರೀತು. ಅಂದ್ರೆ ಸೂಪರ್ ಸೈಯಾನ್ (ಗೋಕು, ವೆಜೀಟಾ ಹುಟ್ಟಿದ ಸೈಯಾನ್ ಕುಲದ ದಂತಕಥೆಯಲ್ಲಿ ಬರೋ ಮಹಾಬಲದ ರೂಪ) ಬಗ್ಗೆ ವೆಜೀಟಾ ನಮೆಕ್‌ನಲ್ಲಿ ಮೊದಲೇ ಬಡಬಡಿಸೋದು ಕೂಡ ಬೀಜ ಬಿತ್ತಿದ ಹಾಗೇ?

ಉತ್ತರ 1:
ಹೌದು, ಅದು ಬೀಜವೇ. ಆದ್ರೆ ಅದಕ್ಕೆ ಕೈಯೋಕೆನ್‌ನಷ್ಟು ಬೆಲೆ ಇಡಲಿಲ್ಲ, ಅದಕ್ಕೇ ಆಮೇಲೆ ಒಬ್ಬೊಬ್ಬರಾಗಿ ಬೇರೆ ಸೈಯಾನ್‌ರಿಗೂ ಸಿಕ್ಕಿಬಿಡ್ತು.