ಸ್ಲೀವ್ ಆಪರೇಷನ್ ಆದ ಮೇಲೆ ವಾಂತಿ ನಿಲ್ಲುತ್ತಿಲ್ಲ, ಪಾದ ಜೋಮು ಹಿಡಿಯುತ್ತಿದೆ: ಅನುಭವ ಇದ್ದವರು ಹೇಳಿ

ದಾವಣಗೆರೆಯಿಂದ, ತಂಗಿಯ ಪ್ರಶ್ನೆ

ನಮ್ಮಕ್ಕನಿಗೆ ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿದೆವು. ಶುಗರ್ ಹತೋಟಿಗೆ ಬರುತ್ತಿರಲಿಲ್ಲ, ಮಂಡಿ ನೋವು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಈಗ ತೂಕ ಇಳಿಯುತ್ತಿದೆ, ಶುಗರ್ ಮಾತ್ರೆಯೂ ಕಡಿಮೆಯಾಗಿದೆ. ಆದರೆ ಕೆಲವು ವಾರಗಳಿಂದ ಏನು ತಿಂದರೂ ವಾಂತಿ. ಈಚೆಗೆ ಗಂಜಿಯೂ ನಿಲ್ಲುತ್ತಿಲ್ಲ. ಪಾದ ಜೋಮು ಹಿಡಿದ ಹಾಗಿದೆ, ಉರಿಯುತ್ತದೆ ಅನ್ನುತ್ತಾಳೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ ಕೋಆರ್ಡಿನೇಟರ್ ಎತ್ತುತ್ತಾರೆ. "ನಿಧಾನವಾಗಿ ಅಗಿದು ತಿನ್ನಲಿ, ಎಲ್ಲರಿಗೂ ಆಗುತ್ತೆ" ಅಂತ ಹೇಳಿ ಇಟ್ಟುಬಿಡುತ್ತಾರೆ. ಡಾಕ್ಟರ್ ಸಿಗುವುದೇ ಇಲ್ಲ. ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿಸಿದೆವು, ಒಂದು ದಿನ ಪರವಾಗಿಲ್ಲ ಅನಿಸಿತು, ಮತ್ತೆ ಅದೇ. ಭಾವ ಬೇರೆ, "ಇರುವ ಹೊಟ್ಟೆ ಕೊಯ್ಯಿಸಿಕೊಂಡರೆ ಇನ್ನೇನಾಗುತ್ತೆ" ಅಂತ ಸಿಡಿಮಿಡಿ. ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ? ಇಲ್ಲೇ ತೋರಿಸಬಹುದಾ?

ಮೈಸೂರಿನಿಂದ

ಮೇಡಂ, ಇದು ಸರಿಯಾಗಿ ಅಗಿಯದೆ ಬರುವ ವಾಂತಿ ಅಲ್ಲ. ಅಂಥದ್ದು ನನ್ನ ಹೆಂಡತಿಗೂ ಶುರುವಿನಲ್ಲಿ ಬರುತ್ತಿತ್ತು. ಒಂದು ತುತ್ತು ಜಾಸ್ತಿಯಾದರೆ ಎದೆಯ ನಡುವೆ ಒತ್ತಿದ ಹಾಗಾಗುತ್ತದೆ, ಬಾಯಲ್ಲಿ ನೊರೆ ನೊರೆ ಜೊಲ್ಲು ಬರುತ್ತದೆ, ತಿಂದದ್ದು ಹೊರಗೆ ಹೋದರೆ ಆರಾಮ. ಅಷ್ಟಕ್ಕೆ ಮುಗಿಯಿತು. ನೀರು, ಗಂಜಿ ಕೂಡ ದಿನಗಟ್ಟಲೆ ನಿಲ್ಲುತ್ತಿಲ್ಲ ಅಂದರೆ ಅದರ ಲೆಕ್ಕವೇ ಬೇರೆ.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಬಾಳೆಕಾಯಿಯಂಥ ಉದ್ದನೆಯ ಕೊಳವೆ ಉಳಿಸುತ್ತಾರೆ. ಕೆಲವರಲ್ಲಿ ಅದರ ತಿರುವಿನ ಜಾಗ ಕಿರಿದಾಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದರೆ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಅದೇ ದಾರಿಯಲ್ಲಿ ಬಲೂನ್ ಹಾಕಿ ಅಗಲ ಮಾಡುತ್ತಾರೆ, ಮತ್ತೆ ಹೊಟ್ಟೆ ಕೊಯ್ಯುವ ಪ್ರಮೇಯ ಬರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಆದರೆ ಪಾದದ ಜೋಮು ಅಂದಿರಲ್ಲ, ಅದನ್ನು ಓದಿ ನನಗೆ ಕೈಕಾಲು ತಣ್ಣಗಾಯಿತು. ಅದು ಬಿ1 ಕೊರತೆ ಇರಬಹುದು, ಥಯಾಮಿನ್ ಅನ್ನುತ್ತಾರೆ. ಅದನ್ನು ದೇಹ ಜಾಸ್ತಿ ದಿನ ಕೂಡಿಟ್ಟುಕೊಳ್ಳುವುದಿಲ್ಲ. ಊಟ ಒಳಗೆ ಹೋಗದಿದ್ದರೆ ಎರಡು ಮೂರು ವಾರಕ್ಕೆ ಖಾಲಿ. ಮೊದಲು ಕಾಲಿನ ನರಕ್ಕೆ ಏಟು ಬೀಳಬಹುದು, ಆಮೇಲೆ ಮಿದುಳಿಗೂ ಹೋಗಬಹುದು. ನನ್ನ ಹೆಂಡತಿ ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ನಾವೆಲ್ಲ ಸುಸ್ತಿಗೆ ಅಂದುಕೊಂಡೆವು. ಒಬ್ಬ ನರರೋಗ ತಜ್ಞರು ಕಣ್ಣಿನ ಮುಂದೆ ಪೆನ್ನು ಅತ್ತ ಇತ್ತ ಆಡಿಸಿ, ಕಣ್ಣು ಅದರ ಜೊತೆ ಸರಿಯಾಗಿ ಹೋಗುತ್ತಿಲ್ಲ ಅಂತ ಆಗಲೇ ಇಂಜೆಕ್ಷನ್ ಶುರು ಮಾಡಿಸಿದರು. ರಿಪೋರ್ಟ್ ಬರಲಿ ಅಂತ ಕಾಯಲಿಲ್ಲ. ಅವಳು ಇವತ್ತು ನಡೆಯುತ್ತಿದ್ದರೆ ಅದಕ್ಕೇ.

ಹುಬ್ಬಳ್ಳಿಯಿಂದ, ಸ್ಟಾಫ್ ನರ್ಸ್

ಮೈಸೂರಿನ ಸರ್ ಹೇಳಿದ್ದು ಸರಿ. ಗ್ಲೂಕೋಸ್ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಗ್ಲೂಕೋಸನ್ನು ದೇಹ ಬಳಸಿಕೊಳ್ಳಬೇಕಾದರೆ ಬಿ1 ಬೇಕು. ಇರುವ ಚೂರುಪಾರು ಬಿ1 ಕೂಡ ಅದಕ್ಕೇ ಖರ್ಚಾಗಿ, ಮಿದುಳಿನ ತೊಂದರೆ ದಿಢೀರನೆ ಜಾಸ್ತಿಯಾಗಬಹುದು. ಹಾಗಾಗಿ ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ಕ್ಯಾಷುವಾಲಿಟಿಯಲ್ಲಿ ಹೀಗೆ ಹೇಳಿ: "ಎರಡು ತಿಂಗಳ ಹಿಂದೆ ಸ್ಲೀವ್ ಆಗಿದೆ, ವಾರಗಟ್ಟಲೆ ವಾಂತಿ, ಪಾದ ಜೋಮು. ಡ್ರಿಪ್ ಹಾಕುವ ಮೊದಲು ಥಯಾಮಿನ್ ಇಂಜೆಕ್ಷನ್ ಬೇಕಾ ನೋಡಿ." ಮಾತ್ರೆ ಸಾಕಾಗುವುದಿಲ್ಲ, ಅದೂ ವಾಂತಿಯಲ್ಲೇ ಹೋಗುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ನೋಡಿಸಿ, ವಾಂತಿಯಲ್ಲಿ ಅವೂ ಇಳಿದಿರುತ್ತವೆ.

ಒಂದು ಕೇಳುತ್ತೇನೆ. ಅಕ್ಕನಿಗೆ ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ನಡೆಯುವಾಗ ಓಲಾಡುವುದು, ಮಾತು ಮರೆಯುವುದು ಏನಾದರೂ ಇದೆಯಾ?

ದಾವಣಗೆರೆಯಿಂದ, ಕೇಳಿದವರು

ಟಿವಿ ನೋಡುವಾಗ ಕೆಳಗಿನ ಅಕ್ಷರ ಎರಡೆರಡಾಗಿ ಕಾಣುತ್ತದೆ ಅಂತ ನಿನ್ನೆ ಅಂದಳು. ಶುಗರ್ ಇಳಿದಿದೆಯಲ್ಲ, ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಭಾವ ಹೇಳಿದರು.

ಹುಬ್ಬಳ್ಳಿಯಿಂದ, ಸ್ಟಾಫ್ ನರ್ಸ್

ಬೆಳಗಾಗುವುದನ್ನು ಕಾಯಬೇಡಿ. ಬೆಂಗಳೂರಿನ ಬಸ್ಸೂ ಬೇಡ. ನಿಮ್ಮೂರಿನಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಈಗಲೇ ಹೊರಡಿ. ಥಯಾಮಿನ್ ದುಬಾರಿ ಔಷಧವೂ ಅಲ್ಲ, ಅಪರೂಪದ್ದೂ ಅಲ್ಲ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ.

ಕುಂದಾಪುರದಿಂದ

ಅವರು ಹೊರಟಿರಲಿ. ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ.

ನನ್ನದು ಸ್ಲೀವ್ ಅಲ್ಲ, ಬೈಪಾಸ್. ಹೃದಯದ್ದಲ್ಲ, ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದವು, ಎಲ್ಲ ಮರೆತೇ ಹೋಗಿತ್ತು. ಆಮೇಲೆ ಊಟವಾದ ಸ್ವಲ್ಪ ಹೊತ್ತಿಗೆ ಎಡಪಕ್ಕೆಯ ಕೆಳಗೆ ಹಿಂಡಿದ ಹಾಗೆ ನೋವು ಶುರುವಾಯಿತು. ಬರುತ್ತಿತ್ತು, ಹೋಗುತ್ತಿತ್ತು. ಹೋದ ಕಡೆಯಲ್ಲೆಲ್ಲ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸ್ಕ್ಯಾನಿಂಗಿನಲ್ಲೂ ಅಂಥದ್ದೇನೂ ಇಲ್ಲ ಅಂತ ಬಂತು. ಕೊನೆಗೆ ಬೈಪಾಸ್ ಮಾಡುವ ಸರ್ಜನ್ ಒಬ್ಬರೇ ಕಥೆ ಪೂರ್ತಿ ಕೇಳಿದರು. ಲ್ಯಾಪರೋಸ್ಕೋಪಿ ಮಾಡಿ ನೋಡಿದರೆ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇಂಟರ್ನಲ್ ಹರ್ನಿಯಾ. ತೂಕ ಇಳಿದಾಗ ಒಳಗಿನ ಕೊಬ್ಬು ಕರಗಿ ಸಂದಿ ದೊಡ್ಡದಾಗುತ್ತದಂತೆ. ಸ್ಕ್ಯಾನ್ ಚೆನ್ನಾಗಿ ಬಂದರೂ ಇದು ಇರಬಹುದು. ಬೈಪಾಸ್ ಆದವರಿಗೆ ಹೀಗೆ ನೋವು ಬರುತ್ತಿದ್ದರೆ, ಬೈಪಾಸ್ ಬಲ್ಲ ಸರ್ಜನ್ ನೋಡುವವರೆಗೆ ಬಿಡಬೇಡಿ. ಕರುಳಿಗೆ ರಕ್ತ ನಿಂತರೆ ಗಂಟೆಗಳ ಆಟ.

ಗಂಜಿಯ ಬಗ್ಗೆಯೂ ಒಂದು ಮಾತು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಗಂಜಿಯಲ್ಲಿ ಬಿ1 ಇಲ್ಲವೆನ್ನುವಷ್ಟು ಕಡಿಮೆ. ಕುಚ್ಚಲಕ್ಕಿಯಲ್ಲಿ ಸ್ವಲ್ಪ ಜಾಸ್ತಿ, ಭತ್ತವನ್ನು ಬೇಯಿಸುವಾಗಲೇ ಅದು ಕಾಳಿನೊಳಗೆ ಇಳಿದಿರುತ್ತದೆ. ಹಾಗಂತ ಈ ಅಕ್ಕನ ಸ್ಥಿತಿಗೆ ಕುಚ್ಚಲಕ್ಕಿ ಗಂಜಿ ಔಷಧವಲ್ಲ, ಮತ್ತೆ ಯಾರೂ ಹಾಗೆ ಹೇಳಬೇಡಿ.

ಹಾಸನದಿಂದ

ನೋವಿನ ಮಾತ್ರೆ ಜೋಪಾನ. ನಮ್ಮ ಮಾವನಿಗೆ ಬೈಪಾಸ್ ಆಗಿದೆ. ಹಲ್ಲು ಕಿತ್ತ ಮೇಲೆ ಡೈಕ್ಲೋಫೆನಾಕ್ ಕೊಟ್ಟರು, ಮೋಷನ್ ಟಾರಿನ ಬಣ್ಣಕ್ಕೆ ತಿರುಗಿತು. ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿತ್ತು. ಐಬುಪ್ರೊಫೆನ್ ಕೂಡ ಅದೇ ಜಾತಿ. ಪ್ಯಾರಾಸಿಟಮಾಲ್ ಆಗುತ್ತದೆ. ಬೀಡಿ ಸಿಗರೇಟು ಸೇದಿದರೂ ಆ ಹುಣ್ಣು ಬರುತ್ತದೆ. ಈಗ ಅವರ ಪರ್ಸಿನಲ್ಲಿ ಒಂದು ಚೀಟಿ ಇದೆ: ಯಾವ ಆಪರೇಷನ್, ಯಾವ ವರ್ಷ, ಯಾವ ಮಾತ್ರೆ ಕೂಡದು. ಹಲ್ಲಿನ ಡಾಕ್ಟರಾಗಲಿ, ಮೂಳೆ ಡಾಕ್ಟರಾಗಲಿ, ಮೊದಲು ಚೀಟಿ ತೋರಿಸುತ್ತಾರೆ.

ತುಮಕೂರಿನಿಂದ

ಊಟದ ಬಗ್ಗೆ ನಾನು ಹೇಳುತ್ತೇನೆ, ನನ್ನದೂ ಸ್ಲೀವ್. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಈ ಹೊಟ್ಟೆಗೆ ಅದು ಆಗುವುದೇ ಇಲ್ಲ. ರಾಗಿ ಬೇಕು ಅಂದರೆ ತೆಳ್ಳಗೆ ಅಂಬಲಿ ಮಾಡಿಕೊಳ್ಳುತ್ತೇನೆ. ಅನ್ನ ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಹೆಸರುಬೇಳೆ, ಪನೀರ್, ಮೊಸರು. ಆಮೇಲೆ ಜಾಗ ಇದ್ದರೆ ಮಿಕ್ಕಿದ್ದು. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೊಟೀನ್ ಅಂತ ನನ್ನ ಡಯಟೀಷಿಯನ್ ಹೇಳಿದ್ದಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಲೆಕ್ಕ ಹಾಕಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಊಟದ ಜೊತೆ ನೀರು ಕುಡಿಯುವುದಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತೇನೆ.

ಮದುವೆ ಮನೆಯಲ್ಲಿ ಬಡಿಸುವವರು ಬಿಡುವುದಿಲ್ಲ, ಅಲ್ವಾ? ಪಾಯಸ ಎರಡು ಚಮಚ ಜಾಸ್ತಿ ಹೋದರೆ ಸಾಕು, ಎದೆ ಡಬಡಬ, ಬೆವರು, ಅಲ್ಲೇ ಮಲಗುವ ಹಾಗಾಗುತ್ತದೆ. ಡಂಪಿಂಗ್ ಅನ್ನುತ್ತಾರೆ, ಬೈಪಾಸಿನವರಿಗೆ ಇನ್ನೂ ಜಾಸ್ತಿ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಇಳಿದು ನಡುಕ ಬರುತ್ತದೆ. ಕೂದಲು ಮೂರರಿಂದ ಆರು ತಿಂಗಳ ನಡುವೆ ಹಿಡಿ ಹಿಡಿ ಉದುರಿತು, ಆಮೇಲೆ ಬಂತು. ಅದಕ್ಕೆ ಎಣ್ಣೆ ಮಾರುವವರನ್ನು ನಂಬಬೇಡಿ.

ಅಂದಹಾಗೆ ದಾವಣಗೆರೆ ಭಾವನವರಿಗೆ ಹೇಳಿ, ಇದು ಚೆಂದಕ್ಕೆ ಮಾಡಿಸುವ ಆಪರೇಷನ್ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡಾಗ ನಮ್ಮ ನೆಂಟರೆಲ್ಲ ನನ್ನ ಕಡೆ ನೋಡಿದರು. ಅದು ಲೈಪೊಸಕ್ಷನ್, ಚರ್ಮದ ಕೆಳಗಿನ ಕೊಬ್ಬು ಎಳೆಯುವುದು. ಇದು ಶುಗರ್, ಉಸಿರು ಕಟ್ಟುವುದು ಇಂಥದ್ದಕ್ಕೂ ಮಾಡುವ ಚಿಕಿತ್ಸೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ದಾಟಿದ್ದರೆ, ಇಲ್ಲವೇ 35 ದಾಟಿ ಹತೋಟಿಗೆ ಬಾರದ ಶುಗರ್‌ನಂಥ ಗಂಭೀರ ಕಾಯಿಲೆ ಇದ್ದರೆ, ಡಾಕ್ಟರ್ ಬರೆದುಕೊಟ್ಟಾಗ ಇನ್ಶೂರೆನ್ಸ್‌ನವರು ಬರೀ ಬೊಜ್ಜಿನ ಚಿಕಿತ್ಸೆ ಅಂತ ತಳ್ಳಿಹಾಕುವ ಹಾಗಿಲ್ಲ. ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ) 2019ರಲ್ಲೇ ಹಾಗೆ ನಿಯಮ ಮಾಡಿದೆ.

ಬೆಂಗಳೂರಿನಿಂದ

ಕೋಆರ್ಡಿನೇಟರ್ ಕಥೆ ನನಗೂ ಗೊತ್ತು. ಆಪರೇಷನ್ ಮೊದಲು ದಿನಾ ಫೋನ್, ಆಮೇಲೆ "ನೋಟ್ ಮಾಡಿಕೊಂಡಿದ್ದೇನೆ ಸರ್". ಫೋನ್ ಬಿಡಿ, ಇಮೇಲ್ ಮಾಡಿ. ತೊಂದರೆ ಏನು, ಯಾವಾಗಿನಿಂದ, ಸರ್ಜನ್ ಯಾವಾಗ ನೋಡುತ್ತಾರೆ, ಇಷ್ಟೇ ಬರೆಯಿರಿ. ಬರವಣಿಗೆಯಲ್ಲಿ ಬಂದದ್ದಕ್ಕೆ ಅಲ್ಲಿ ಬೆಲೆ ಜಾಸ್ತಿ.

ಆಪರೇಷನ್ ನೋಟ್ಸ್ ಸಮೇತ ಪೂರ್ತಿ ರೆಕಾರ್ಡ್ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲೇ ಇದೆ. ಆಗಲೂ ಬಗ್ಗದಿದ್ದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವೈದ್ಯರ ಮೇಲೆ ದೂರಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಗ್ರಾಹಕರ ಆಯೋಗಕ್ಕೂ ಹೋಗಬಹುದು, ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದಕ್ಕೆ ಎರಡು ವರ್ಷದ ಗಡುವು. ಆದರೆ ಮೊದಲು ಅಕ್ಕ ಎದ್ದು ಓಡಾಡಲಿ. ತೊಡಕು ಬಂದದ್ದೆಲ್ಲ ಡಾಕ್ಟರ ತಪ್ಪಲ್ಲ, ಒಳ್ಳೆಯ ಕೈಯಲ್ಲೂ ಬರುತ್ತದೆ. ಬಂದ ಮೇಲೆ ನೋಡದೇ ಇರುವುದು ತಪ್ಪು.

ದಾವಣಗೆರೆಯಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ಅವತ್ತು ರಾತ್ರಿಯೇ ಅಡ್ಮಿಟ್ ಮಾಡಿಸಿದೆವು. ಡ್ಯೂಟಿ ಡಾಕ್ಟರ್ ಹುಡುಗಿ ಚಿಕ್ಕವಳು, ನೀವು ಹೇಳಿಕೊಟ್ಟ ಮಾತನ್ನೇ ಹೇಳಿದೆ. ಸೀನಿಯರ್‌ಗೆ ಫೋನ್ ಮಾಡಿ ಥಯಾಮಿನ್ ಮೊದಲು ಹಾಕಿಸಿದಳು. ಎರಡೆರಡು ಕಾಣುವುದು ಈಗ ನಿಂತಿದೆ. ಎಂಡೋಸ್ಕೋಪಿಯಲ್ಲಿ ನಡುವೆ ಕಿರಿದಾಗಿದೆ ಅಂತ ಬಂತು, ಬಲೂನ್‌ಗೆ ಬೆಂಗಳೂರಿಗೆ ಹೋಗುತ್ತಿದ್ದೇವೆ. ಇಮೇಲ್ ಮಾಡಿದ ಮೇಲೆ ಸರ್ಜನ್ನೇ ಫೋನ್ ಮಾಡಿದರು! ಪಾದದ ಜೋಮು ಮಾತ್ರ ಹಾಗೇ ಇದೆ. ಅದು ಹೋಗುತ್ತದಾ? ಮನೆಗೆ ಬಂದ ಮೇಲೆ ಏನೇನು ಪರೀಕ್ಷೆ ಮಾಡಿಸಬೇಕು?

ಹುಬ್ಬಳ್ಳಿಯಿಂದ, ಸ್ಟಾಫ್ ನರ್ಸ್

ಕಣ್ಣು ಬೇಗ ಸುಧಾರಿಸುತ್ತದೆ, ಕಾಲಿನ ನರಕ್ಕೆ ತಿಂಗಳುಗಳೇ ಬೇಕು. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಫಿಸಿಯೋಥೆರಪಿ ಕೇಳಿ, ಬರಿಗಾಲಲ್ಲಿ ಓಡಾಡಿಸಬೇಡಿ, ಸ್ಪರ್ಶ ಗೊತ್ತಾಗದೆ ಗಾಯವಾಗುತ್ತದೆ.

ಆಪರೇಷನ್ ಆಗಿ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ರಕ್ತ ಪರೀಕ್ಷೆ. ಆಮೇಲೆ ವರ್ಷಕ್ಕೊಮ್ಮೆ, ಜೀವನಪೂರ್ತಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಅಲ್ಬುಮಿನ್ (ರಕ್ತದ ಪ್ರೊಟೀನ್) ಇರಲಿ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಕೇಳಿ. ಅದಕ್ಕೂ ಐರನ್ ಮಾತ್ರೆಗೂ ಎರಡು ಗಂಟೆ ಅಂತರ, ಐರನ್ ಮಾತ್ರೆ ಟೀ ಕಾಫಿ ಜೊತೆ ಬೇಡ. ಬಲಪಕ್ಕೆಯಲ್ಲಿ ನೋವು ಬಂದರೆ ಪಿತ್ತಕೋಶದ ಕಲ್ಲು ಇದೆಯಾ ನೋಡಿಸಿ, ತೂಕ ಬೇಗ ಇಳಿದವರಿಗೆ ಬರುತ್ತದೆ. ಶುಗರ್, ಬಿಪಿ ಮಾತ್ರೆಯ ಡೋಸ್ ಹಳೆಯದೇ ನಡೆಯುತ್ತಿದೆಯಾ ಅಂತ ಪ್ರತಿ ಸಲ ಕೇಳಿ. ಬಲೂನ್ ಒಂದೇ ಸಲಕ್ಕೆ ಸಾಕಾಗದೆ ಮತ್ತೆ ಮಾಡಬೇಕಾಗಬಹುದು, ಅದಕ್ಕೆ ಗಾಬರಿ ಬೇಡ. ಮತ್ತೆ ವಾಂತಿ ಶುರುವಾದರೆ ಮಾತ್ರ ಎರಡು ಮೂರು ದಿನಕ್ಕಿಂತ ಜಾಸ್ತಿ ಬಿಡಬೇಡಿ. ಅಷ್ಟರೊಳಗೆ ಥಯಾಮಿನ್ ಇಂಜೆಕ್ಷನ್ ಆಗಬೇಕು.